ನೋಟರಿ ಕೇಳಿದ ಹೂಂ

ತಿಕೋಟಾ
೧೨ ಜೂನ್ ೧೯೭೬

ಸಮಸ್ತ ಬಹರೇನ್ ನಾಡಿಗೆ, ಅಲ್ಲಿನ ಸಮುದ್ರಕ್ಕೆ, ಖರ್ಜೂರದ ಗಿಡಗಳಿಗೆ ಮತ್ತು ಅವುಗಳ ನಡುವೆ ಎಲ್ಲೋ ಕೂತು ಗೋದಾಮಿನ ಲೆಕ್ಕ ಬರೆಯುತ್ತಿರುವ ನಮ್ಮ ಯಜಮಾನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಮನೆಗೆ ಒಂದು ಡಬ್ಬಿ ಗುಂಡುಸೂಜಿ ಬಂದಿದೆ.

ಅಬ್ಬಾ ನಿನ್ನೆ ವಿಜಾಪುರಕ್ಕೆ ಹೋಗಿ ತಂದರು. ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಲು ಕಾಗದಪತ್ರ ಬೇಕೆಂದು ನೀವು ಬರೆದಿದ್ದಿರಲ್ಲ, ಸರಕಾರಿ ಕೆಲಸಕ್ಕೆ ಮೊದಲು ಗುಂಡುಸೂಜಿ ಬೇಕು, ಕಾಗದ ಆಮೇಲೆ ತಾನಾಗಿ ಬರುತ್ತದೆ ಎನ್ನುವುದು ಅವರ ಸಿದ್ಧಾಂತ. ಡಬ್ಬಿಯನ್ನು ಗೂಡಿನಲ್ಲಿ ಅತ್ತರಿನ ಬಾಟಲಿಯ ಪಕ್ಕ ಇಟ್ಟಿದ್ದಾರೆ. ಓಣಿಯವರು ಬಂದು ನೋಡಿ ಹೋಗುತ್ತಿದ್ದಾರೆ. ಅಬ್ಬಾನ ಅಕ್ಕ ಪೀರಾಂಬಿ ಫೂಫಿ ಕಾಲಿನ ಮುಳ್ಳು ತೆಗೆಯಲು ಒಂದು ಸೂಜಿ ಎತ್ತಿಕೊಂಡಳು. ಅಬ್ಬಾ ಅಂಗಳದಿಂದಲೇ ಕೂಗಿದರು: “ಅಕ್ಕಾ, ಇಡ ಅಲ್ಲಿ! ಅದು ಬಹರೇನಕ್ಕ ಹೋಗೂ ಸೂಜಿ ಐತಿ!” ಫೂಫಿ ಬಿಡುತ್ತಾಳೆಯೆ? “ಹೋಗ್ಲಿ ಬಿಡೋ, ನನ್ನ ಮುಳ್ಳೂ ಜೋಡೀಲೆ ಬಹರೇನ ನೋಡಿ ಬರ್ಲಿ” ಅಂದಳು.

ನಾನು ನಿಮ್ಮ ಹೆಂಡತಿ ಹೌದೋ ಅಲ್ಲವೋ ಎಂದು ನಿಮ್ಮ ಕಂಪನಿಯವರಿಗೆ ಅನುಮಾನವಂತೆ. ಪಾಪ, ಅವರನ್ನು ಏಕೆ ಬಯ್ಯಲಿ, ಆ ಅನುಮಾನ ನನಗೂ ಆಗಾಗ ಬರುತ್ತದೆ. ಮೆಹೆಂದಿ ಮಾಸುವ ಮುಂಚೆ ವಿಮಾನ ಹತ್ತಿದವರು ನೀವು. ಎರಡು ವರ್ಷದಿಂದ ಅಂಚೆಚೀಟಿಯ ಹಿಂದೆ ಸಂಸಾರ ಮಾಡುತ್ತಿದ್ದೀರಿ.

ಒಂದು ಮಾತು ಕೇಳಬೇಕು. ನಾನು ನೋಡಿದ ದೊಡ್ಡ ನೀರೆಂದರೆ ಭೂತನಾಳ ಕೆರೆ. ಅದಕ್ಕೆ ಆಚೆ ದಂಡೆ ಇದೆ, ದಂಡೆಯ ಮೇಲೆ ಎಮ್ಮೆ ಇದೆ, ಎಮ್ಮೆಯ ಮೇಲೆ ಕಣ್ಣು ನಿಲ್ಲುತ್ತದೆ. ಆಚೆ ದಂಡೆಯೇ ಇಲ್ಲದ ನೀರಿನ ಮುಂದೆ ನಿಂತವರು ಕಣ್ಣನ್ನು ಎಲ್ಲಿಡುತ್ತಾರೆ?

ಸಲಾಮು.
ರೋಶನಬಿ


ಮನಾಮಾ
೬ ಜುಲೈ ೧೯೭೬

ರೋಶನಬಿ,

ಗುಂಡುಸೂಜಿಯ ಸುದ್ದಿ ತಲುಪಿತು. ಕೇಳಿದ ಕೂಡಲೇ ಇಲ್ಲಿನ ಸಮುದ್ರ ಮರ್ಯಾದೆಯಿಂದ ಎರಡು ಹೆಜ್ಜೆ ಹಿಂದೆ ಸರಿಯಿತು.

ಈಗ ಕೆಲಸದ ಮಾತು. ನಮ್ಮ ನಿಕಾಹನಾಮೆ ಉರ್ದುವಿನಲ್ಲಿದೆ. ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿಯ ಮುದ್ರೆ ಹಾಕಿಸಬೇಕು. ಜೊತೆಗೆ, ನಿಕಾಹನಾಮೆಗೆ ಸಹಿ ಮಾಡಿದ ಸಾಕ್ಷಿಯೊಬ್ಬರು ನೋಟರಿಯ ಎದುರು ನಿಂತು “ಅಂದಿನ ಮದುಮಗಳು ಇವಳೇ” ಎಂದು ಪ್ರಮಾಣ ಮಾಡಬೇಕು. ಹೆತ್ತವರ ಮಾತು ನಡೆಯುವುದಿಲ್ಲವಂತೆ. ನಿಕಾಹಕ್ಕೆ ನಿನ್ನ ಒಪ್ಪಿಗೆ ಕೇಳಿ ತರುವ ವಕೀಲರಾಗಿ ನಿಂತಿದ್ದ ನಿನ್ನ ಮಾಮಾ ಅಲ್ಲಾಹನ ಕಡೆ ಹೊರಟುಹೋದರು. ಇನ್ನೊಬ್ಬ ಸಾಕ್ಷಿ ಸೊಲ್ಲಾಪುರದ ಗಿರಣಿ ಸೇರಿ ವಿಳಾಸ ಕಳೆದುಕೊಂಡ. ಉಳಿದವರು ಬಬಲೇಶ್ವರದ ನಮ್ಮ ಬುಡ್ಡೇಸಾಬ ಕಾಕಾ ಒಬ್ಬರೇ. ಸಂತೆಯ ಆಡಿನ ವ್ಯಾಪಾರದಿಂದ ಅವರನ್ನು ಒಂದು ದಿನ ಬಿಡಿಸಿಕೊಂಡರೆ ಸಾಕು.

ನನ್ನ ಕೋಣೆಗೆ ಒಂದು ಕಿಟಕಿ, ಕಿಟಕಿಯ ತುಂಬ ಸಮುದ್ರ. ಕಣ್ಣು ಎಲ್ಲಿಡಬೇಕೆಂದು ಕೇಳಿದೆ. ನಾನು ಕಣ್ಣು ಇಡುವುದಿಲ್ಲ, ಕಿವಿ ಇಡುತ್ತೇನೆ. ನಿಕಾಹದ ದಿನ ಪರದೆಯ ಆಚೆಯಿಂದ ನೀನು ಹೂಂ ಅಂದೆಯಲ್ಲ, ನನ್ನ ಮುಖದ ಮುಂದೆ ಇಳಿಬಿಟ್ಟ ಸೆಹರಾದ ಮಲ್ಲಿಗೆ ಸರಗಳ ನಡುವೆ ಅದು ನನಗೆ ಕೇಳಿಸಿತ್ತು. ಗೋದಾಮಿನಲ್ಲಿ ಯಂತ್ರಗಳು ನಿಂತು ಒಂದು ಗಳಿಗೆ ಎಲ್ಲ ಸುಮ್ಮನಾದಾಗ ಅದೇ ಬರುತ್ತದೆ. ಇಲ್ಲಿಗೆ ಬರುವಾಗ ತಂದ ಸಾಮಾನುಗಳಲ್ಲಿ ಇನ್ನೂ ಸವೆಯದೆ ಉಳಿದದ್ದು ಅದೊಂದೇ.

ನಿನ್ನ
ಲಾಡಲೇಸಾಬ


ತಿಕೋಟಾ
೧ ಆಗಸ್ಟ್ ೧೯೭೬

ಬಹರೇನಿನವರಿಗೆ ಸಲಾಮು.

ಅಬ್ಬಾ, ನಾನು, ಫೂಫಿ ಮತ್ತು ಗುಂಡುಸೂಜಿಯ ಡಬ್ಬಿ, ನಾಲ್ಕೂ ಜನ ವಿಜಾಪುರದ ನೋಟರಿ ಸಂಗಮೇಶ ವಕೀಲರನ್ನು ಕಂಡು ಬಂದೆವು. ಅವರ ಕರಿ ಕೋಟು ಬಿಸಿಲಿಗೆ ಬಣ್ಣ ಬಿಟ್ಟು ಎಳೆಯ ಹೆಸರುಕಾಳಿನಂತಾಗಿದೆ. ಅವರ ಮುದ್ರೆಗೆ ಶಾಯಿ ಬೇಡ. ಮಖಮಲ್ಲಿನ ಬಟ್ಟೆ ಬಿಚ್ಚಿ, ಕಾಗದವನ್ನು ಅದರ ಬಾಯಿಗೆ ಕೊಟ್ಟು, ಕಣ್ಣು ಮುಚ್ಚಿ ಎರಡೂ ಕೈಯಿಂದ ಅದುಮುತ್ತಾರೆ. ಕಾಗದದ ಮೇಲೆ ಗುಳ್ಳೆ ಎದ್ದಂತೆ ಅಕ್ಷರ ಏಳುತ್ತದೆ. ಬೇರೆ ಯಾರದೋ ಕಾಗದದಲ್ಲಿ ಅದರ ಮೇಲೆ ಬೆರಳು ಆಡಿಸಿದೆ. ಎಮ್ಮೆಯ ಮೂಗು ಮುಟ್ಟಿದ ಹಾಗಿತ್ತು.

ಅದಕ್ಕೂ ಮುಂಚೆ ಬುಡ್ಡೇಸಾಬ ಕಾಕಾ ಮನೆಗೇ ಬಂದಿದ್ದರು. ನಾನು ಸೆರಗಿನೊಳಗಿಂದ ಕೇಳಿದೆ, “ಕಾಕಾ, ನೀವು ನನ್ನ ಮುಖಾನ ನೋಡಿಲ್ಲಲ್ರಿ, ಗುರುತು ಹೆಂಗ ಹಿಡಿತೀರಿ?”

ಕಾಕಾ ಎದೆ ಉಬ್ಬಿಸಿದರು. “ಮುಖಾ ಯಾರಿಗೆ ಬೇಕವ್ವಾ? ನಾವು ಮೂರೂ ಮಂದಿ ಪರದೆ ಮುಂದ ನಿಂತು ಮೂರು ಸಲ ಕೇಳಿದ್ವಿ. ಒಳಗಿಂದ ಹೂಂ ಅಂದಿ. ಆಮ್ಯಾಲೆ ನಾವು ಹೋಗಿ ಮದಲಿಂಗಗ ಹೇಳಿದ್ವಿ. ಆ ಹೂಂ ನನ್ನ ಕಿವ್ಯಾಗ ಹಂಗಽ ಐತಿ. ಸಂತ್ಯಾಗ ನೂರು ಆಡು ಒಮ್ಮೆಲೆ ಒದರ್ಲಿ, ಯಾವ್ದು ಯಾರ ಮನೀದು ಅಂತ ಬೆನ್ನು ಮಾಡಿ ನಿಂತು ಹೇಳಾಂವ ನಾ. ನಮ್ಮ ಮನಿ ಸೊಸೀದು ಒಂದು ಹೂಂ ಗುರುತು ಹಿಡ್ಯಾಂಗಿಲ್ಲೇನು?”

ಈ ಮಾತನ್ನು ವಕೀಲರಿಗೆ ಮುಟ್ಟಿಸಿದೆವು. ಅವರು ಬಹಳ ಹೊತ್ತು ಕಾಯಿದೆ ಪುಸ್ತಕದ ಬೆನ್ನು ನೋಡುತ್ತ ಕೂತರು. “ದನಿ ಗುರುತು ಹಿಡೀಬಾರ್ದು ಅಂತ ಎಲ್ಲೂ ಬರದಿಲ್ರಿ. ಈದ್ ಆದಮ್ಯಾಲೆ ಕರಕೊಂಡು ಬರ್ರಿ” ಅಂದರು.

ಅಂದು ಮಧ್ಯಾಹ್ನ ಬಸ್ಸಿನಲ್ಲಿ ತೂಕಡಿಸಿ ಒಂದು ಕನಸು ಕಂಡೆ. ಭೂತನಾಳದ ಕೆರೆ ನಮ್ಮ ಅಂಗಳಕ್ಕೆ ಬಂದಿತ್ತು. ಕಾಗದಗಳೆಲ್ಲ ದೋಣಿಯಾಗಿ ತೇಲುತ್ತಿದ್ದವು. ಒಂದೊಂದು ದೋಣಿಯಲ್ಲೂ ಒಂದೊಂದು ಮುದ್ರೆ, ನಾವಿಕನ ಹಾಗೆ ಮೀಸೆ ಬಿಟ್ಟುಕೊಂಡು ಕೂತಿತ್ತು. ನಾನು ದಂಡೆಯ ಮೇಲೆ ನಿಂತು ಯಾವ ದೋಣಿ ನನ್ನದು ಎಂದು ಕೇಳುತ್ತಿದ್ದೆ. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ರೋಶನಬಿ

ಮರೆತೆ. ಆ ಹೂಂ ನಿಮಗೆ ಖರೇನೇ ಕೇಳಿಸಿತ್ತೆ? ಹೇಗಿತ್ತು ಅದು? ಸುಮ್ಮನೆ ಕೇಳಿದೆ.


ಮನಾಮಾ
೨೫ ಆಗಸ್ಟ್ ೧೯೭೬

ರೋಶನಬಿ,

ಹೇಗಿತ್ತು ಎಂದು ಕೇಳುತ್ತೀಯಾ? ಸಣ್ಣದು. ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಆದರೆ ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ಕಾಗದ ಹರಿದರೂ ಆ ಸದ್ದು ಗೋಡೆ ಹಿಡಿದು ನಡೆದು ಬರುತ್ತದಲ್ಲ, ಹಾಗೆ ಅದು ಇನ್ನೂ ನಡೆಯುತ್ತಲೇ ಇದೆ. ತಿಕೋಟಾದಿಂದ ಹೊರಟು, ಬಾಂಬೆ ದಾಟಿ, ನೀರು ದಾಟಿ, ದಿನವೂ ಒಮ್ಮೆ ನನ್ನ ಕಿಟಕಿಗೆ ಬಂದು ಮುಟ್ಟುತ್ತದೆ. ಕಾಕಾ ಅದನ್ನು ಮರೆಯಲು ಸಾಧ್ಯವೇ ಇಲ್ಲ.

ಒಂದು ಸ್ಟೋವ್ ಕೊಂಡೆ. ನೀಲಿ ಹೂವಿನ ಎರಡು ಕಪ್ಪು ಕೊಂಡೆ. ಒಂದರಲ್ಲಿ ನಾನು ಚಹಾ ಕುಡಿಯುತ್ತೇನೆ. ಇನ್ನೊಂದನ್ನು ಮಗುಚಿ ಇಟ್ಟಿದ್ದೇನೆ.

ರಮಜಾನ ಬಂತು. ಇಫ್ತಾರಿನ ಖರ್ಜೂರ ಬಾಯಿಗಿಟ್ಟಾಗ ನೆನೆಯುತ್ತೇನೆ.

ನಿನ್ನ
ಲಾಡಲೇಸಾಬ


ತಿಕೋಟಾ
೯ ಅಕ್ಟೋಬರ್ ೧೯೭೬

ಸಲಾಮು.

ಎಲ್ಲರೂ ಕ್ಷೇಮ. ಈದ್ ಆಯಿತು. ಶಾವಿಗೆ ಚೆನ್ನಾಗಿತ್ತು. ನೋಟರಿಯ ಕೆಲಸ ಆಗಲಿಲ್ಲ, ಮುದ್ರೆಯ ಶಾಯಿ ಒಣಗಿತ್ತು. ಗುಂಡುಸೂಜಿಗೆ ಮಳೆಯ ತಂಪಿಗೆ ತುಕ್ಕು ಹಿಡಿದಿದೆ. ಮುಂದೆ ನೋಡೋಣ.

ಎರಡನೆಯ ಕಪ್ಪಿನಲ್ಲೂ ನೀವೇ ಚಹಾ ಕುಡಿಯಿರಿ. ಮಗುಚಿ ಇಟ್ಟರೆ ವಾಸನೆ ಹಿಡಿಯುತ್ತದೆ.

ರೋಶನಬಿ


ಮನಾಮಾ
೧೧ ನವೆಂಬರ್ ೧೯೭೬

ರೋಶನಬಿ,

ಮಮದಾಪುರದ ಸೈಫುದ್ದೀನ ನಮ್ಮ ಗೋದಾಮಿನವನೇ. ರಜೆ ಮುಗಿಸಿ ಮೊನ್ನೆ ಬಂದ. ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಬುಡ್ಡೇಸಾಬ ಕಾಕಾ ಕಂಡಕಂಡವರ ಮುಂದೆ ಹೀಗೆ ಹೇಳುತ್ತಿದ್ದರಂತೆ: “ಏನ್ ಮಾಡೂದೋ ಯಪ್ಪಾ, ನಮ್ಮ ಲಾಡಲೇನ ನಿಕಾಹ ಬ್ಯಾರೆಯಾಕಿ ಜೋಡಿ ಆಗ್ಯಾದ, ನಮಗ ಈಗ ತಿಳದೈತಿ.” ಸೈಫುದ್ದೀನ ಇದನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೋಣೆಗೆ ಬಂದು ನಿನ್ನ ಹಳೆಯ ಪತ್ರಗಳನ್ನು ತೆಗೆದೆ.

ಆ ಮುದ್ರೆಗೆ ಶಾಯಿ ಬೇಡವೆಂದು ಆಗಸ್ಟಿನಲ್ಲಿ ನೀನೇ ಬರೆದಿದ್ದೆ. ಎಮ್ಮೆಯ ಮೂಗಿನಂತಿದೆ ಎಂದಿದ್ದೆ. ಅಕ್ಟೋಬರಿನಲ್ಲಿ ಒಣಗಿದ ಶಾಯಿ ಎಲ್ಲಿಯದು?

ಬರಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳು. ಜನವರಿ ಮುಗಿಯುವುದರೊಳಗೆ ಕಾಗದ ಬರದಿದ್ದರೆ ಸಂಸಾರಸ್ಥರ ಈ ಕೋಣೆಯನ್ನು ಕಂಪನಿ ಬೇರೆಯವರಿಗೆ ಕೊಡುತ್ತದೆ. ನಾನು ಮತ್ತೆ ಎಂಟು ಮಂದಿಯ ಕೋಣೆಗೆ ಹೋಗಬೇಕು. ಎರಡು ಕಪ್ಪನ್ನು ಅಲ್ಲಿ ಇಡಲು ಜಾಗವಿರುವುದಿಲ್ಲ.

ಲಾಡಲೇಸಾಬ


ತಿಕೋಟಾ
೪ ಡಿಸೆಂಬರ್ ೧೯೭೬

ಬಕ್ರೀದ್ ಮುಗಿಯಿತು, ಕಾಕಾನ ಆಡುಗಳೂ ಮುಗಿದವು. ಈಗ ಎಲ್ಲ ಬರೆಯುತ್ತೇನೆ. ಕೂತುಕೊಂಡು ಓದಿ.

ಈದ್ ಆದ ಮೇಲೆ ವಿಜಾಪುರಕ್ಕೆ ಹೋದೆವು. ವಕೀಲರ ಒಳಕೋಣೆಯ ಬಾಗಿಲಿಗೆ ಹಸಿರು ಪರದೆ ಇದೆ. ನಾನು ಮತ್ತು ಫೂಫಿ ಅದರ ಹಿಂದೆ ನಿಂತೆವು. ಕಾಕಾ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸಂಗಮೇಶ ವಕೀಲರು ಗಂಟಲು ಸರಿಮಾಡಿಕೊಂಡು ಕೇಳಿದರು, “ರೋಶನಬಿಯವ್ರ, ಈ ನಿಕಾಹ ನಿಮಗ ಕಬೂಲ ಐತೇನ್ರಿ?”

ನಾನು ಹೂಂ ಅಂದೆ.

“ಅಲ್ಲ” ಅಂದರು ಕಾಕಾ.

ಮತ್ತೆ ಕೇಳಿದರು. ಮತ್ತೆ ಅಂದೆ.

“ಅಲ್ರೀ ಸಾಹೇಬ್ರ. ಇದು ಮರಿ ಒದರಿದಂಗ ಐತಿ. ಅಂದಿಂದು ಗಟ್ಟಿ ದನಿ.”

ಫೂಫಿಗೆ ತಡೆಯಲಿಲ್ಲ. “ಹೂಂ ಅಂದಾಳಲ್ಲೋ ಮುದುಕಾ! ಕಿವ್ಯಾಗ ಹತ್ತಿ ಇಟಗೊಂಡು ಬಂದೀಯೇನು? ಹೂಂ! ಹೂಂ! ಕೇಳಿಸ್ತಿಲ್ಲೊ?”

ಕಾಕಾ ಸ್ಟೂಲಿನಿಂದ ಎದ್ದು ನಿಂತುಬಿಟ್ಟರು. “ಇದಽ! ಇದಽ ದನಿ ಸಾಹೇಬ್ರ! ಅಲ್ಲಾನ ಆಣಿ, ಇಕೀನಽ ನಮ್ಮ ಲಾಡಲೇನ ಹೆಣ್ತಿ!”

ವಕೀಲರು ಪರದೆ ಸರಿಸಿದರು. ಮೂರು ಹಲ್ಲಿನ ಪೀರಾಂಬಿ ಫೂಫಿ, ಬಾಯಿತುಂಬ ಎಲೆ, ಸೊಂಟದ ಮೇಲೆ ಕೈ. ಅಬ್ಬಾ ಮಾಡಿನ ಜಂತಿ ನೋಡತೊಡಗಿದರು. ವಕೀಲರು ಪೆನ್ನಿನ ಟೋಪಿ ಹಾಕಿದರು.

“ಮತ್ತೇನು?” ಅಂದಳು ಫೂಫಿ. “ಯಾವ ಹುಡುಗಿ ತಾನಽ ಹೂಂ ಅಂದಾಳ ನಮ್ಮೂರಾಗ? ನಾಚಿಕೊಂಡು ಕಲ್ಲಿನಂಗ ಕುಂದರ್ತಾವ. ಹೊರಗ ಬಿರ್ಯಾನಿ ಆರಾಕತ್ತಿರ್ತೈತಿ. ಯಾರರ ಒಬ್ರು ಅನಬೇಕಲ್ಲ, ನಾ ಅಂತೇನಿ. ಅರ್ಧ ತಿಕೋಟಾ ನನ್ನ ಹೂಂ ಮ್ಯಾಲೆ ಸಂಸಾರ ಮಾಡಾಕತ್ತೈತಿ, ಒಂದರ ಕೆಟ್ಟೈತೇನು ಕೇಳ್ರಿ!”

ಅಬ್ಬಾ ಮೆಲ್ಲಗೆ, “ಸುಮ್ಮನಿದ್ರೂ ಒಪ್ಪಿಗೀನಽ ಅಂತ ಖಾಜಿಯವರು ಹೇಳ್ಯಾರ್ರಿ” ಅಂದರು.

ವಕೀಲರು ಅಬ್ಬಾನ ಕಡೆ ತಿರುಗಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. “ನಿಕಾಹ ಸರಿ ಐತ್ರಿ ಹಸನಸಾಬ್ರ. ಮದಲಗಿತ್ತಿ ಯಾರು, ದನಿ ಯಾರದು, ಎರಡೂ ಈಗ ತಿಳೀತು. ಆದ್ರ ಸುಮ್ಮಕ ಇದ್ದದ್ದರ ಮ್ಯಾಲೆ ಮುದ್ರಿ ಒತ್ತಾಕ ಬರೂದಿಲ್ಲ. ನಾ ನನ್ನ ಕಿವೀಲೆ ಕೇಳಬೇಕು. ತಂಗೀ, ನೀನಽ ಪ್ರಮಾಣ ಮಾಡಿ ಹೇಳು. ಈ ನಿಕಾಹ ನಿನಗ ಒಪ್ಪಿಗಿ ಐತೇನು? ನಿನ್ನ ಖುಷಿಲೆ ಆ ದೇಶಕ್ಕ ಹೊಂಟೀಯೇನು? ಈ ಮುದುಕ್ರು ಅದನ್ನ ಕೇಳಿ ಸಹಿ ಹಾಕ್ಲಿ. ಅವಸರ ಇಲ್ಲ, ವಿಚಾರ ಮಾಡಿ ಹೇಳು.”

ಹೇಳಿ, ಪೆನ್ನು ಕೆಳಗಿಟ್ಟು, ಕಾದರು.

ನನ್ನನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಯಾರಾದರೂ ಕಾದದ್ದು ನನಗೆ ನೆನಪಿಲ್ಲ. ಆಗಷ್ಟೇ ಎರಡು ಸಲ ಸಲೀಸಾಗಿ ಹೂಂ ಅಂದಿದ್ದೆ. ಅದು ಕಾಕಾನ ಪರೀಕ್ಷೆಗೆ ಅಂದದ್ದು. ಈಗ ನನಗಾಗಿ ಅನ್ನಬೇಕು ಅಂದಾಗ ಕನಸಿನಲ್ಲಿ ಆದ ಹಾಗೆ ಆಯಿತು. ಬಾಯಿ ಆಡಿತು, ದನಿ ಬರಲಿಲ್ಲ. “ಇವತ್ತ ಬ್ಯಾಡ್ರಿ” ಅಂದೆ. ವಕೀಲರು “ಆತು ತಂಗಿ” ಅಂದು ಮುದ್ರೆಯನ್ನು ಮತ್ತೆ ಮಖಮಲ್ಲಿನಲ್ಲಿ ಸುತ್ತಿದರು. ದಾರಿಯುದ್ದಕ್ಕೂ ಫೂಫಿ ನಡುನಡುವೆ ತಾನೇ ಹೂಂ, ಹೂಂ ಎಂದುಕೊಳ್ಳುತ್ತಿದ್ದಳು, ಗಂಟಲು ಕೆಟ್ಟಿದೆಯೇ ಎಂದು ನೋಡುವವಳ ಹಾಗೆ.

ಮನಸ್ಸಿಲ್ಲವೆಂದು ತಿಳಿಯಬೇಡಿ. ಮನಸ್ಸು ಇದೆಯೇ ಎಂದು ಹುಡುಕುತ್ತಿದ್ದೇನೆ, ಅಷ್ಟೇ. ಅದಕ್ಕೆ ನಿಮ್ಮ ಸಹಾಯ ಬೇಕು. ನೀವು ಜೋಪಾನ ಮಾಡಿದ ಹೂಂ ಫೂಫಿಯದು. ಮೂರು ಹಲ್ಲಿನ ಸಂದಿಯಿಂದ ಎಲೆಯಡಿಕೆಯ ರಸದ ಜೊತೆ ಬಂದದ್ದು. ಮಗು ಮಗ್ಗುಲು ಬದಲಿಸಿದ ಹಾಗೆ ಅದು ನಿಮಗೆ ಹೇಗೆ ಕೇಳಿಸಿತು? ನನ್ನ ಶಾಯಿ ಹಿಡಿದಿರಿ, ಭೇಷ್. ಈಗ ನೀವು ಹೇಳಿ, ಕಿಟಕಿಯ ತುಂಬ ಸಮುದ್ರ ಖರೇನೇ ಇದೆಯೆ?

ರೋಶನಬಿ


ಮನಾಮಾ
೨೮ ಡಿಸೆಂಬರ್ ೧೯೭೬

ರೋಶನಬಿ,

ಏನೂ ಕೇಳಿಸಿರಲಿಲ್ಲ.

ನಾನು ಪೆಂಡಾಲಿನಲ್ಲಿದ್ದೆ, ನೀನು ಒಳಮನೆಯಲ್ಲಿ. ನಡುವೆ ಒಂದು ಓಣಿ, ಒಂದು ಲೌಡ್‌ಸ್ಪೀಕರ್, ಬಿರ್ಯಾನಿಯ ಹಂಡೆಗಳು. ಸೆಹರಾದ ಮಲ್ಲಿಗೆ ಮೂಗಿನೊಳಗೆ ಹೊಕ್ಕು ನಾನು ಸೀನುತ್ತಿದ್ದೆ. ಸೀನಿನ ನಡುವೆ ಕಾಕಾ ಬಂದು “ಹೂಂ ಅಂದಾಳ” ಅಂದರು. ನಾನು ಕೇಳಿದ್ದು ಕಾಕಾನ ದನಿ.

ಇಲ್ಲಿಗೆ ಬಂದ ಮೊದಲ ಬೇಸಿಗೆ ನಿನ್ನ ಮುಖ ಎಷ್ಟು ಎಳೆದರೂ ನೆನಪಿಗೆ ಬರಲಿಲ್ಲ. ಇದ್ದ ನಾಲ್ಕು ದಿನ ನೀನು ತಲೆ ಎತ್ತಿದ್ದೇ ಕಡಿಮೆ. ಬರಿಗೈಯಲ್ಲಿ ಎಷ್ಟು ದಿನ ಇರಲಿ? ಒಂದು ಹೂಂ ಮಾಡಿಕೊಂಡೆ. ದಿನಾ ಸ್ವಲ್ಪ ಸ್ವಲ್ಪ ಉಜ್ಜಿ ನುಣುಪು ಮಾಡಿದೆ. ಕೊನೆಗೆ ಅದು ಕೇಳಿಸತೊಡಗಿತು.

ಕಿಟಕಿ: ಎದುರಿಗೆ ಐಸ್ ಕಾರ್ಖಾನೆಯ ಗೋಡೆ. ನನ್ನ ಟ್ರಂಕು ಕಿಟಕಿಯ ಕೆಳಗಿದೆ. ಅದರ ಮೇಲೆ ನಿಂತು ಕತ್ತು ಎಡಕ್ಕೆ ಚಾಚಿದರೆ, ಗೋಡೆಗೂ ನೀರಿನ ಟಾಕಿಗೂ ನಡುವೆ ಸಮುದ್ರ ಕಾಣುತ್ತದೆ. ನಾಲ್ಕು ಬೆರಳು ಅಗಲ. ಸಂಜೆ ಅದು ಮೊದಲು ಜೋಳದ ತೆನೆಯ ಬಣ್ಣಕ್ಕೆ ಬರುತ್ತದೆ, ಆಮೇಲೆ ಕೆಂಪಾಗುತ್ತದೆ. ಕೆಲವೊಮ್ಮೆ ಒಂದು ಹಾಯಿದ್ದೋಣಿ ಆ ನಾಲ್ಕು ಬೆರಳನ್ನು ದಾಟುತ್ತದೆ. ಗೋಡೆಯಿಂದ ಹುಟ್ಟಿ ಟಾಕಿಯೊಳಗೆ ಮುಳುಗಿದ ಹಾಗೆ.

ಇರುವುದು ಇಷ್ಟು. ನಾಲ್ಕು ಬೆರಳು ಸಮುದ್ರ, ಒಂದು ಸ್ಟೋವ್, ಎರಡು ಕಪ್ಪು. ಎರಡನೆಯದನ್ನು ನಿನ್ನ ಮಾತಿನಂತೆ ನೆಟ್ಟಗೆ ಇಟ್ಟಿದ್ದೇನೆ, ಚಹಾ ಮಾತ್ರ ಹಾಕಿಲ್ಲ.

ಬರುವೆಯಾ? ನಾನು ನಿನ್ನನ್ನು ಇದುವರೆಗೆ ಕೇಳಿಯೇ ಇಲ್ಲವೆಂದು ಈಗ ಹೊಳೆಯುತ್ತಿದೆ. ಕಂಪನಿಯವರ ಕೈಕಾಲು ಹಿಡಿದು ಮಾರ್ಚಿನವರೆಗೆ ಕೋಣೆ ಉಳಿಸಿಕೊಂಡಿದ್ದೇನೆ. ಕೋಣೆ ಹೋದರೂ ಹೋಗಲಿ. ವಿಚಾರ ಮಾಡಿ ಹೇಳು, ನಾನೂ ಪೆನ್ನು ಕೆಳಗಿಟ್ಟಿದ್ದೇನೆ.

ಲಾಡಲೇಸಾಬ


ತಿಕೋಟಾ
೬ ಫೆಬ್ರವರಿ ೧೯೭೭

ಸಮಸ್ತ ಬಹರೇನ್ ನಾಡಿಗೆ, ಐಸ್ ಕಾರ್ಖಾನೆಯ ಗೋಡೆಗೆ ಮತ್ತು ನೀರಿನ ಟಾಕಿಗೆ ಮತ್ತೊಮ್ಮೆ ತಿಳಿಯಪಡಿಸುವುದೇನೆಂದರೆ:

ನಿನ್ನೆ ವಿಜಾಪುರದಲ್ಲಿ ಇಳಿದು, ಮೊದಲು ಭೂತನಾಳಕ್ಕೆ ಹೋಗೋಣ ಅಂದೆ. “ಕೆರಿ ಮುಂದ ಏನ್ ನೋಟರಿ ಕುಂತಾನ?” ಅಂದಳು ಫೂಫಿ. ಅಬ್ಬಾ ಟಾಂಗಾ ಕರೆದರು. ದಂಡೆಯ ಮೇಲೆ ನಿಂತು, ಒಂದು ಕೈಯನ್ನು ಗೋಡೆಯ ಹಾಗೆ, ಇನ್ನೊಂದನ್ನು ಟಾಕಿಯ ಹಾಗೆ ಮುಖದ ಮುಂದೆ ಹಿಡಿದು, ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ನೋಡಿದೆ. ಕೈಗಳ ನಡುವಿನ ಆ ಸಂದಿಯನ್ನು ಹಾಗೇ ಮೆಲ್ಲಗೆ ನೀರಿನ ಕಡೆ ಇಳಿಸಿದೆ. ಎಮ್ಮೆ ಹೋಯಿತು, ಆಚೆ ದಂಡೆ ಹೋಯಿತು. ಬರಿ ನೀರು ಉಳಿಯಿತು, ಒಳಗೆ ಒಂದು ಮೋಡ. ಅಷ್ಟನ್ನೇ ನೋಡಿದರೆ ಕೆರೆ ಯಾವುದು, ಸಮುದ್ರ ಯಾವುದು ಗುರುತು ಹತ್ತುವುದಿಲ್ಲ. ಕಣ್ಣು ಎಲ್ಲಿಡಬೇಕೆಂದು ನಾನು ಇನ್ನು ಕೇಳುವುದಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದೆ. ಟಾಂಗಾದ ಕುದುರೆ ನಿದ್ದೆ ಹೋಯಿತು.

ಅಲ್ಲಿಂದ ವಕೀಲರ ಕಚೇರಿ. ಈ ಸಲ ಪರದೆ ಬೇಡ ಅಂದೆ, ಕುರ್ಚಿಯ ಮೇಲೆ ಕೂತೆ. ವಕೀಲರು ಕೇಳಿದರು, ಪೆನ್ನು ಕೆಳಗಿಟ್ಟರು. ಫೂಫಿಯ ತುಟಿ ಆಗಲೇ ಮುಂದೆ ಬಂದಿತ್ತು. ವಕೀಲರು ಒಂದು ಬೆರಳು ಎತ್ತಿದರು. ಫೂಫಿ ಬಂದ ಹೂಂ ಅನ್ನು ಎಲೆಯಡಿಕೆಯ ಜೊತೆ ನುಂಗಿದಳು.

ಅವಸರ ಮಾಡದೆ, ನೀಲಿ ಹೂವಿನ ಕಪ್ಪನ್ನು ಮನಸ್ಸಿನಲ್ಲಿ ನೋಡಿಕೊಂಡು, ನಾನು ಹೂಂ ಅಂದೆ. ಸಣ್ಣದೇನಲ್ಲ, ಪಕ್ಕದ ಅಂಗಡಿಯ ಟೈಪಿಂಗ್ ಸದ್ದು ನಿಂತಿತು.

ಬುಡ್ಡೇಸಾಬ ಕಾಕಾ ತೊಡೆ ತಟ್ಟಿದರು. “ಈಗ ಸಿಕ್ತು ನೋಡ್ರಿ! ಇನ್ನ ಸಾವಿರ ಆಡಿನಾಗ ಬಿಟ್ರೂ ಗುರುತು ಹಿಡಿತೇನಿ.”

“ಏನೋ ಒಂದು ಅಂದಾಳ ಬಿಡು” ಅಂದಳು ಫೂಫಿ. “ನನ್ನಷ್ಟು ಗಟ್ಟಿ ಇಲ್ಲ.” ಹೀಗೆ ಅಂದವಳು ಆಮೇಲೆ ಟಾಂಗಾದಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ವಕೀಲರು ಕಣ್ಣು ಮುಚ್ಚಿ ಮುದ್ರೆ ಅದುಮಿದರು. ಅಬ್ಬಾ ತುಕ್ಕು ಹಿಡಿಯದ ಒಂದು ಗುಂಡುಸೂಜಿ ಆರಿಸಿ, ಬಿಸ್ಮಿಲ್ಲಾ ಅಂದು ಚುಚ್ಚಿದರು. ಕಾಗದ ಇನ್ನು ಬೆಂಗಳೂರಿಗೆ, ಆಮೇಲೆ ದಿಲ್ಲಿಗೆ, ಇನ್ನೆರಡು ಮುದ್ರೆಗೆ ಹೋಗಬೇಕಂತೆ. ತಿಕೋಟಾ ಬಿಟ್ಟು ವಿಜಾಪುರದ ಆಚೆ ಕಾಣದವಳು ನಾನು. ನನ್ನ ಹೂಂ ನನಗಿಂತ ಮುಂಚೆ ದೇಶ ನೋಡುತ್ತಿದೆ. ಮಾರ್ಚಿನೊಳಗೆ ಅದು ನಿಮ್ಮಲ್ಲಿಗೆ ಮುಟ್ಟಬಹುದು, ಅದರ ಹಿಂದೆ ನಾನು. ಫೂಫಿಯದನ್ನು, ನೀವು ಮಾಡಿಕೊಂಡದ್ದನ್ನು ಬಿಸಾಡಬೇಡಿ, ಪಾಪ, ಎರಡು ವರ್ಷ ದುಡಿದಿವೆ.

ಒಂದು ಸಣ್ಣ ಕೆಲಸ ಮಾಡಿಡಬೇಕು. ನಾನು ನಿಮಗಿಂತ ಒಂದು ಗೇಣು ಗಿಡ್ಡ, ನಿಮಗೆ ನೆನಪಿರಲಿಕ್ಕಿಲ್ಲ. ಗೋದಾಮಿನಲ್ಲಿ ಗಟ್ಟಿಮುಟ್ಟಾದ ಖಾಲಿ ಪೆಟ್ಟಿಗೆಯೊಂದು ಸಿಕ್ಕರೆ ತಂದು ಕಿಟಕಿಯ ಕೆಳಗಿನ ಆ ಟ್ರಂಕಿನ ಮೇಲೆ ಇಟ್ಟಿರಿ. ಅಲ್ಲಾಡದಂತೆ ನೋಡಿ ಇಡಿ.

ರೋಶನಬಿ